ಮೂವತ್ತೊಂದನೆಯ ನಂಬರಿನ ಹಾಜರಿ

ಈ ಕಥೆಯನ್ನು ಪ್ರಾರ್ಥನೆಯಿಂದ ತೊಡಗಬೇಕೋ ಹಾಜರಿಯಿಂದ ತೊಡಗಬೇಕೋ ಎಂದು ಎರಡು ವಾರ ಯೋಚಿಸಿದೆ. ಪ್ರಾರ್ಥನೆಯಿಂದ ತೊಡಗಿದ ಡ್ರಾಫ್ಟಿನಲ್ಲಿ ಒಬ್ಬ ಹುಡುಗನಿದ್ದ. ಕ್ರೈಸ್ತ, ಕಾಲೇಜು ವಿದ್ಯಾರ್ಥಿ, ಮುಖದ ತುಂಬ ಬೆಳಕು. ಎರಡನೆಯ ಪುಟಕ್ಕೇ ಉಪದೇಶ ಶುರು ಮಾಡಿದ. ಮೂರನೆಯ ಪುಟದಲ್ಲಿ ನನಗೇ ಉಪದೇಶ ಮಾಡಿದ. ಅವನನ್ನು ಅಲ್ಲೇ ಬಿಟ್ಟು ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ಇನ್ನೂ ಮಾತಾಡುತ್ತಿದ್ದ. ಹಾಳೆ ಹರಿದೆ.

ಆದ್ದರಿಂದ ಹಾಜರಿ.

1

ಫಸಲಿ 1344. (ಇಸವಿ ಬೇಕಾದವರು ಐನೂರ ತೊಂಬತ್ತು ಕೂಡಿಸಿಕೊಳ್ಳಿ.) ನಿಜಾಮರ ಸರ್ಕಾರ. ಕಲಬುರಗಿಗೆ ಆಗಿನ ಹೆಸರು ಗುಲಬರ್ಗಾ. ಅಲ್ಲೊಂದು ಇಂಟರ್ ಕಾಲೇಜು, ಪಾಠವೆಲ್ಲ ಉರ್ದುವಿನಲ್ಲಿ. ಕ್ಲಾಸಿನ ಬಲಮೂಲೆಯಲ್ಲಿ ಒಂದು ಹಸಿರು ಪರದೆ. ಈಚೆ ನಲವತ್ತನಾಲ್ಕು ಹುಡುಗರು. ಆಚೆ ಒಂದು ಬೆಂಚು, ಅದರ ಮೇಲೆ ಇಬ್ಬರು ಹುಡುಗಿಯರು.

(ಇಂಥ ಕಾಲೇಜು, ಇಂಥ ಪರದೆ ಆ ವರ್ಷ ಅಲ್ಲಿತ್ತೇ ಎಂದು ದಫ್ತರ ತೆಗೆಸಲು ಹೋಗಬೇಡಿ. ಇದನ್ನು ಕಟ್ಟಿದವನು ನಾನು. ಸುಣ್ಣ ಬಳಿದವನೂ ನಾನೇ, ಅದಕ್ಕೇ ಅಲ್ಲಲ್ಲಿ ಬಿಟ್ಟುಹೋಗಿದೆ.)

ಪರದೆ ಬೇಕಾಗಿದ್ದದ್ದು ಮೂವತ್ತೊಂದನೆಯ ನಂಬರಿನ ಜಾಹೇದಾಳಿಗೆ. ಅವಳ ತಂದೆ ವಕೀಲರು. ಮಗಳು ಓದಲೇಬೇಕೆಂದು ಪ್ರಿನ್ಸಿಪಾಲರ ಹತ್ತಿರ ಹತ್ತು ಸಲ ಹೋಗಿ, ಕೊನೆಗೆ ಪರದೆಯ ಬಟ್ಟೆಯನ್ನು ತಾವೇ ತಂದುಕೊಟ್ಟು ಒಪ್ಪಿಸಿದ್ದರು. ಆ ಮಳೆಗಾಲದಲ್ಲೇ ತೀರಿಕೊಂಡರು. ಪರದೆ ಉಳಿಯಿತು. ಜಾಹೇದಾಳೂ ಉಳಿದಳು, ಆದರೆ ಅವಳ ಓದು ಈಗ ಚಿಕ್ಕಪ್ಪನ ಕೈಯಲ್ಲಿತ್ತು.

ಮೂವತ್ತೆರಡನೆಯ ನಂಬರು ಹನ್ನಮ್ಮ. ಕಮಲಾಪುರದವಳು. ಅಜ್ಜನ ಕಾಲಕ್ಕೆ ಕ್ರೈಸ್ತರಾದ ಮನೆ. ಅಪ್ಪ ದೌಲಪ್ಪ, ಗುರುಲಿಂಗಪ್ಪ ಗೌಡರ ತೋಟದಲ್ಲಿ ಕೆಂಪು ಬಾಳೆಗೆ ನೀರು ಕಟ್ಟುತ್ತಿದ್ದ. ಅವ್ವನಿಗೆ ಮಿಶನ್ನಿನವರು ಮಾರ್ಥಾ ಎಂದು ಹೆಸರಿಟ್ಟಿದ್ದರು. ಅದು ಮಿಶನ್ನಿನ ಕಾಗದದಲ್ಲಿತ್ತು. ಕಮಲಾಪುರಕ್ಕೆ ಅವಳು ಅಂಬಮ್ಮನೇ. ಹೊಲದ ಕೆಲಸ ಮಾಡುತ್ತಿದ್ದಳು, ಕೇರಿ ಕೇರಿಗೆ ಹೋಗಿ ಸುವಾರ್ತೆ ಹೇಳುತ್ತಿದ್ದಳು, ಕರೆದವರ ಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದಳು. ಸುವಾರ್ತೆಗಿಂತ ಹೆರಿಗೆಗೆ ಕರೆಯುವವರು ಹೆಚ್ಚು.

ಹನ್ನಮ್ಮನ ಮನೆಯಲ್ಲಿ ಪರದೆಯೆಂಬುದು ಯಾರಿಗೂ ಗೊತ್ತಿರಲಿಲ್ಲ. ಆದರೆ ಪರದೆಯ ಒಳಗಿನ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳುವುದಕ್ಕೇ ಪ್ರಿನ್ಸಿಪಾಲರಿಗೆ ಆರು ತಿಂಗಳು ಹಿಡಿದಿತ್ತು. ಹೊರಗಿನ ಒಬ್ಬಳನ್ನು ಊಹಿಸುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಇಬ್ಬರನ್ನೂ ಒಳಗೇ ಕೂಡಿಸಿದರು.

"ಅವ್ವ, ನನ್ನ ಪರದಾದಾಗ ಕೂಡಿಸ್ಯಾರ," ಎಂದು ಹನ್ನಮ್ಮ ಊರಿಗೆ ಬಂದಾಗ ಹೇಳಿದಳು.

"ಗಾಳಿ ಬರ್ತದೇನು?"

"ಬರ್ತದ."

"ಮತ್ತೇನು," ಎಂದಳು ಅಂಬಮ್ಮ.

2

ಇನ್ನು ನಂಬಿಕೆಯ ವಿಷಯ. ಕಾಲೇಜಿನಲ್ಲಿ ಹನ್ನಮ್ಮ ಕ್ರೈಸ್ತಳಾಗಿದ್ದದ್ದು ಹೇಗೆ ಎಂದು ನೀವು ಕೇಳಿದರೆ, ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ.

ಊಟಕ್ಕೆ ಮುಂಚೆ ಕಣ್ಣು ಮುಚ್ಚುತ್ತಿದ್ದಳು. ಪಕ್ಕದಲ್ಲಿ ಜಾಹೇದಾ ಬಿಸ್ಮಿಲ್ಲಾ ಅನ್ನುತ್ತಿದ್ದಳು. ಜಾಹೇದಾಳದು ಬೇಗ ಮುಗಿಯುತ್ತಿತ್ತು. "ನಿಮ್ ದೇವ್ರಿಗಿ ಭಾಳ ಹೇಳ್ಬೇಕಾಗ್ತದ ಏನು?" ಎಂದು ಅವಳು ಕೇಳಿದ್ದುಂಟು. ಆಮೇಲೆ ಇಬ್ಬರೂ ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು.

ಮೊದಲ ಡ್ರಾಫ್ಟಿನ ಹುಡುಗನಾಗಿದ್ದರೆ ಇಲ್ಲಿ ಸುವಾರ್ತೆ ಸಾರುತ್ತಿದ್ದ. ಹನ್ನಮ್ಮ ಸಾರಲಿಲ್ಲ. ಉರ್ದುವಿನಲ್ಲಿ ಅವಳಿಗೆ ಭೂತಕಾಲವೇ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಅದನ್ನು ಕಲಿಸುತ್ತಿದ್ದವಳೂ ಜಾಹೇದಾಳೇ. ಅಧ್ಯಾಪಕರು ಹೇಳಿದ್ದನ್ನು ಪರದೆಯ ಹಿಂದೆ ಪಿಸುಗುಟ್ಟುತ್ತ ಕನ್ನಡ ಮಾಡುತ್ತಿದ್ದಳು. ಮೊದಲ ಮೂರು ತಿಂಗಳು ಹನ್ನಮ್ಮ ಇಡೀ ಕಾಲೇಜನ್ನು ಜಾಹೇದಾಳ ಪಿಸುಮಾತಿನಲ್ಲೇ ಓದಿದಳು.

ತೊಡಕಿದ್ದದ್ದು ಭಾನುವಾರದ್ದು. ನಿಜಾಮ್ ಸರ್ಕಾರದ ವಾರದ ರಜೆ ಶುಕ್ರವಾರ. ಭಾನುವಾರ ಬೆಳಗ್ಗೆ ಹನ್ನಮ್ಮ ಉಳಿದುಕೊಂಡಿದ್ದ ಮಿಶನ್ ಬಂಗ್ಲೆಯಲ್ಲಿ ಆರಾಧನೆ, ಅದೇ ಹೊತ್ತಿಗೆ ಕಾಲೇಜಿನಲ್ಲಿ ಮೊದಲ ಪೀರಿಯಡ್ಡು. ಅದು ಚಾಂದಪಾಶಾ ಸಾಹೇಬರ ತರ್ಕಶಾಸ್ತ್ರ. ಉರ್ದುವಿನಲ್ಲಿ ಮಂತಿಕ್. ಹನ್ನಮ್ಮ ಆರಾಧನೆ ಮುಗಿಸಿ ಎರಡನೆಯ ಪೀರಿಯಡ್ಡಿಗೆ ಬರುತ್ತಿದ್ದಳು. ಅವಳ ಹೆಸರಿನ ಮುಂದೆ ವಾರಕ್ಕೊಂದು ಗೈರುಹಾಜರಿ ಬೀಳುತ್ತಿತ್ತು.

"ನಿನ್ ಬದ್ಲಿ ನಾ ಹಾಜರ್ ಅಂತೀನಿ," ಎಂದಿದ್ದಳು ಜಾಹೇದಾ. "ಪರದಾದಾಗ ಯಾರ್ ನೋಡ್ತಾರ?"

"ಬ್ಯಾಡ."

"ಯಾಕ?"

"ಇಲ್ಲಿ ಸುಳ್ಳ ಹೇಳ್ಸಿ ಅಲ್ಲಿ ಹೋಗಿ ಏನಂತ ಕೂಡ್ಲಿ?"

ಜಾಹೇದಾ ಮತ್ತೆ ಕೇಳಲಿಲ್ಲ. (ನಾನೂ ಇದನ್ನು ಇಲ್ಲಿಗೆ ಬಿಡುತ್ತೇನೆ. ಹನ್ನಮ್ಮ ಸುಳ್ಳು ಹೇಳುವವಳಲ್ಲ ಎಂದು ಓದುಗರಿಗೆ ಮನವರಿಕೆಯಾದರೆ ಸಾಕು. ಆಗಿದೆಯಷ್ಟೆ?)

3

ಜೋಳದ ರಾಶಿಯ ಕಾಲಕ್ಕೆ ಜಾಹೇದಾಳ ತಾಯಿ ದಿಲ್ಶಾದ್ ಬೇಗಂ ಗಂಡುಕೂಸನ್ನು ಹೆತ್ತರು. ತಂದೆಯ ಮುಖ ನೋಡದೆ ಹುಟ್ಟಿದ ಕೂಸು. ಹೆತ್ತ ಆರನೆಯ ದಿನಕ್ಕೆ ಬಾಣಂತಿಗೆ ಜ್ವರ ಬಂತು, ಎದೆಹಾಲು ನಿಂತಿತು. ಮನೆಯಲ್ಲಿ ಬೇರೆ ಹೆಣ್ಣು ದಿಕ್ಕಿರಲಿಲ್ಲ.

"ನಾ ಮನ್ಯಾಗ ಇರ್ಬೇಕು," ಎಂದಳು ಜಾಹೇದಾ. ಮಧ್ಯಾಹ್ನದ ಬಿಡುವು, ಡಬ್ಬಿ ತೆರೆದಿರಲಿಲ್ಲ.

"ರಜಾ ಚೀಟಿ ಕೊಡು."

"ಚೀಟಿಗಿ ಚಾಚಾನ ಸಹಿ ಬೇಕು. ಮನಿ ನಡ್ಯಾಕತ್ತದ ಅಂದ್ರ ಕಾಲೇಜ್ ನಡೀಲಿ ಅಂದಾರ. ಮನಿ ನಡ್ಯವಲ್ದು ಅಂತ ನಾನಾ ಬರ್ದು ಕೊಟ್ರ ಕಾಲೇಜ್ ಬಿಡ್ಸಂಗಿಲ್ಲೇನು?"

"ಶುಕ್ರವಾರಕ್ಕೊಮ್ಮಿ ಬರ್ತಾರಲ್ಲ, ಆಗ ಅವ್ರಿಗಿ ತಿಳೀಯಂಗಿಲ್ಲೇನು?"

"ಹೊರಗ ಕಟ್ಟಿ ಮ್ಯಾಲ ಕುಂತು ಎಲ್ಲಾ ಖೈರಿಯತ್ ಏನು, ಆರಾಮ ಏನು ಅಂತಾರ. ನಾ ಒಳಗಿಂದ ಹೌದು ಅಂತೀನಿ. ಹೋಗ್ತಾರ." ಜಾಹೇದಾ ಡಬ್ಬಿಯ ಮುಚ್ಚಳ ತಿರುವಿದಳು. "ಮುಕ್ಕಾಲು ಹಾಜರಿ ಇಲ್ಲಂದ್ರ ಪರೀಕ್ಷಾ ಇಲ್ಲ. ನೀ ಎರಡ ಮಾತು ಅನ್ನು, ಹನ್ನಮ್ಮ. ಹಾಜರ್ ಜನಾಬ್. ಅಷ್ಟ."

"ನನ್ ಕಡಿಂದ ಆಗಂಗಿಲ್ಲ."

"ನೆರಿಯವ್ರ ವಿರುದ್ಧ ಸುಳ್ಳ ಸಾಕ್ಷಿ ಬ್ಯಾಡ ಅಂತ ತಾನೆ ನಿಮ್ ಆಜ್ಞಾ? ನಾ ವಿರುದ್ಧ ಹೇಳು ಅನ್ನಾಕತ್ತಿಲ್ಲ. ನನ್ ಪರವಾಗಿ ಹೇಳು ಅಂತೀನಿ."

"ಅದು ಮಂತಿಕ್ ಆತು."

"ಮಂತಿಕ್ ಪಾಸ್ ಆಗ್ಬೇಕಂತನಾ ಕೇಳಾಕತ್ತೀನಿ."

ಹನ್ನಮ್ಮ ತಲೆಯಲ್ಲಾಡಿಸಿದಳು. ಜಾಹೇದಾ ಸಿಟ್ಟಾಗಲಿಲ್ಲ. "ಆತು," ಎಂದಳು. ಡಬ್ಬಿ ತೆರೆದು, ಅದರಲ್ಲಿದ್ದದ್ದನ್ನು ಎಂದಿನಂತೆ ಎರಡು ಪಾಲು ಮಾಡಿದಳು. ಮರುದಿನದಿಂದ ಬರಲಿಲ್ಲ.

4

ಮೂರು ದಿನ ಚಾಂದಪಾಶಾ ಸಾಹೇಬರು "ಮೂವತ್ತೊಂದು" ಎಂದರು. ಮೂರು ದಿನ ಪರದೆಯ ಹಿಂದೆ ಒಬ್ಬಳು ಬಾಯಿ ಮುಚ್ಚಿಕೊಂಡು ಕೂತಳು. ಸಾಹೇಬರು ಅವಸರದವರಲ್ಲ. ಒಂದು ಉಸಿರು ಕಾದು ಆಮೇಲೆ ಗೀಟು ಎಳೆಯುತ್ತಿದ್ದರು. ಹನ್ನಮ್ಮ ಏನೂ ಮಾಡಿರಲಿಲ್ಲ, ಸುಳ್ಳು ಹೇಳದೆ ಇದ್ದಳು, ಅಷ್ಟೆ. ಆದರೂ ಆ ಗೀಟನ್ನು ತಾನೇ ಎಳೆದಂತೆ ಅವಳಿಗೆ ಅನ್ನಿಸತೊಡಗಿತು.

ಮೂರನೆಯ ದಿನ ಸಂಜೆ ಚಪರಾಸಿ ನಬಿಸಾಬ್ ಪರದೆ ಮಡಿಚುತ್ತಿದ್ದ. ವಯಸ್ಸಾದವನು, ಮಾತು ಕಡಿಮೆ. "ಮೂರ ದಿನಾ ಆತು, ಹೊರಗ ಒಂದ ಜೋಡು ಚಪ್ಪಲಿ," ಎಂದ, ಬಟ್ಟೆಯೊಂದಿಗೆ ಮಾತಾಡುವಂತೆ. "ವಕೀಲ್ ಸಾಹೇಬ್ರು ಈ ಬಟ್ಟಿ ತಂದಾಗ ತಾವಾ ಮೊಳಾ ಹಾಕಿ ನೋಡಿದ್ರು. ನನ್ ಬೇಟಿಗಿ ಸಣ್ಣದಾಗ್ಬಾರ್ದು ಅಂದ್ರು."

ನಾಲ್ಕನೆಯ ದಿನ. "ಮೂವತ್ತು." "ಹಾಜರ್ ಜನಾಬ್." "ಮೂವತ್ತೊಂದು."

"ಹಾಜರ್ ಜನಾಬ್," ಎಂದಳು ಹನ್ನಮ್ಮ, ಮೂಗಿನಿಂದ, ಸಣ್ಣ ದನಿಯಲ್ಲಿ.

"ಮೂವತ್ತೆರಡು."

"ಹಾಜರ್ ಜನಾಬ್," ಎಂದಳು, ತನ್ನದೇ ದನಿಯಲ್ಲಿ.

(ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ನನ್ನ ಪ್ಲಾನಿನಲ್ಲಿ ಇದು ಇರಲಿಲ್ಲ. ಅವಳು ಹಟ ಹಿಡಿದು ಕೂತು, ಕೊನೆಗೆ ಸತ್ಯಕ್ಕೆ ಗೆಲುವಾಗಬೇಕಾಗಿತ್ತು. ಪತ್ರಿಕೆಯವರಿಗೆ ಹಾಗೆಂದು ಫೋನಿನಲ್ಲಿ ಹೇಳಿಯೂ ಆಗಿತ್ತು.

"ಹನ್ನಮ್ಮಾ, ನೀನು ಸುಳ್ಳು ಹೇಳುವವಳಲ್ಲ ಎಂದು ಓದುಗರಿಗೆ ಮಾತು ಕೊಟ್ಟಿದ್ದೇನೆ," ಎಂದೆ.

"ನೀವು ಪುಟಗಟ್ಲೆ ಸುಳ್ಳ ಬರ್ದು ಅದಕ್ಕ ಕಥಿ ಅಂತೀರಿ. ನಾ ಎರಡ ಮಾತು ಅಂದ್ರ ಪಾಪ ಅಂತೀರಿ," ಎಂದಳು. "ನನ್ ಪಾಪದ್ದು ನಾ ನೋಡ್ಕೋತೀನ್ರಿ. ನೀವು ಮುಂದ ಬರೀರಿ.")

ಅವಳು ಯೋಚಿಸಿ ನಿರ್ಧರಿಸಿದಳೆಂದು ಬರೆಯಲಾರೆ. ನಿರ್ಧಾರ ಆಗುವಷ್ಟರಲ್ಲಿ ಬಾಯಿ ಆಡಿಬಿಟ್ಟಿತ್ತು.

5

ಸಮಸ್ಯೆ ದನಿಯದು. ಹನ್ನಮ್ಮನ ದನಿ ಬಾಳೆತೋಟದ ಈ ತುದಿಯಿಂದ ಆ ತುದಿಗೆ ಅಪ್ಪನನ್ನು ಊಟಕ್ಕೆ ಕೂಗಿ ಬೆಳೆದದ್ದು. ಜಾಹೇದಾಳದು ನೆಗಡಿಯಾದ ಗುಬ್ಬಿಯದು. ಹನ್ನಮ್ಮ ಮಿಶನ್ ಬಂಗ್ಲೆಯ ಬಚ್ಚಲಲ್ಲಿ ಮೂಗು ಹಿಡಿದು ಅಭ್ಯಾಸ ಮಾಡಿದಳು. ಬೋರ್ಡಿಂಗಿನ ಹುಡುಗಿಯರು ಅವಳಿಗೆ ಕಷಾಯ ಮಾಡಿಕೊಟ್ಟರು.

ಆರನೆಯ ದಿನವೋ ಏಳನೆಯ ದಿನವೋ ಚಾಂದಪಾಶಾ ಸಾಹೇಬರು ರಿಜಿಸ್ಟರು ಮುಚ್ಚಿ, ಕನ್ನಡಕ ಒರೆಸುತ್ತ, ಪರದೆಯ ಕಡೆ ತಿರುಗಿದರು.

"ಮೂವತ್ತೊಂದು. ಒಂದು ಸರಿಯಾದ ತರ್ಕದಲ್ಲಿ ಪದಗಳು ಎಷ್ಟಿರಬೇಕು?"

ಹನ್ನಮ್ಮನಿಗೆ ಉತ್ತರ ಗೊತ್ತಿತ್ತು. ಮೂರು: ಎರಡು ಪದ, ಅವನ್ನು ಕೂಡಿಸುವ ಇನ್ನೊಂದು. ಆದರೆ ಮೂಗಿನ ಮೇಲೆ ಗಮನವಿಟ್ಟಿದ್ದರಿಂದ ಬಾಯಿ ತಪ್ಪಿತು. "ನಾಲ್ಕು, ಜನಾಬ್," ಎಂದಿತು ಸಣ್ಣ ದನಿ.

"ಮೂವತ್ತೆರಡು. ಆ ಉತ್ತರ ಸರಿಯೋ?"

ಇಲ್ಲಿ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಅದಕ್ಕೇ ಹನ್ನಮ್ಮನಿಗೆ ಒಂದು ಥರದ ಸಮಾಧಾನವಾಯಿತು. "ತಪ್ಪು, ಜನಾಬ್. ಮೂರು," ಎಂದಳು ದೊಡ್ಡ ದನಿಯಲ್ಲಿ.

"ಮೂವತ್ತೊಂದು, ಒಪ್ಪುತ್ತೀಯಾ?"

"ಒಪ್ಪುತ್ತೇನೆ, ಜನಾಬ್."

ಸಾಹೇಬರು ಕನ್ನಡಕ ಹಾಕಿಕೊಂಡು ಪಾಠ ಮುಂದುವರಿಸಿದರು. ಈಚೆಯ ನಲವತ್ತನಾಲ್ಕು ಹುಡುಗರಲ್ಲಿ ಯಾರೋ ಕೆಮ್ಮಿದ. ಆಮೇಲೆ ಬಹಳ ಜನ ಕೆಮ್ಮಿದರು.

ದಿನವೂ ಸಂಜೆ ಹನ್ನಮ್ಮ ಕ್ಷಮೆ ಕೇಳುತ್ತಿದ್ದಳು. ಮರುದಿನ ಮತ್ತೆ ಹೇಳಬೇಕಲ್ಲ, ಅದಕ್ಕೂ ಸೇರಿಸಿ ಕೇಳಬಹುದೇ ಎಂದು ಮಿಸ್ಸಮ್ಮನನ್ನು ವಿಚಾರಿಸಿದಳು. ಮಿಸ್ಸಮ್ಮ ಎಂದರೆ ಮಿಶನ್ ಬಂಗ್ಲೆಯ ದೊರೆಸಾನಿ. ಯಾವ ಪಾಪ ಎಂದು ಆಕೆ ಕೇಳಲಿಲ್ಲ. ಮುಂಗಡವಾಗಿ ಸಿಗುವುದಿಲ್ಲ ಎಂದಷ್ಟೇ ಹೇಳಿದರು. ಭಾನುವಾರ ಮಾತ್ರ ಆರಾಮ. ಅವತ್ತು ಮೊದಲ ಪೀರಿಯಡ್ಡಿಗೆ ಹನ್ನಮ್ಮನೇ ಇರುತ್ತಿರಲಿಲ್ಲ, ಎರಡೂ ನಂಬರು ಗೈರುಹಾಜರಾಗುತ್ತಿದ್ದವು, ಎರಡೂ ನಿಜ. ಆರಾಧನೆ ಅಷ್ಟು ಹಿತವಾಗಿ ಹಿಂದೆಂದೂ ಇದ್ದಿರಲಿಲ್ಲ.

ಹೀಗೆ ಹನ್ನೊಂದು ಸಲ ಹೇಳಿದ ಮೇಲೆ, ಒಂದು ಶುಕ್ರವಾರ ನಸುಕಿನ ಬಸ್ಸಿಗೆ ಅವಳು ಕಮಲಾಪುರಕ್ಕೆ ಹೊರಟಳು. ಕಪನೂರ ದಾಟಿತು, ಮಹಾಗಾಂವ ದಾಟಿತು. ಅವ್ವನಿಗೆ ಹೇಳಬೇಕಾದ್ದನ್ನು ಅವಳು ಮನಸ್ಸಿನಲ್ಲೇ ಮೂರು ಬಗೆಯಲ್ಲಿ ಜೋಡಿಸಿದಳು. ಮೂರರಲ್ಲೂ ಕೊನೆಗೆ ಅಳುತ್ತಿದ್ದಳು.

6

ಅಂಬಮ್ಮ ಬಾಗಿಲ ಮುಂದೆ ಕೂತು ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಕೈ ನಿಲ್ಲಿಸದೆ ಎಲ್ಲ ಕೇಳಿದಳು.

"ಪಾಪ ಹೌದೇನವ್ವ?"

"ಹೌದು. ಸುಳ್ಳ ಅಂದ್ರ ಪಾಪನಾ." ತೊಗರಿಯಿಂದ ಒಂದು ಕಲ್ಲು ಆರಿಸಿ ಎಸೆದಳು. "ಕೂಸು ಹ್ಯಾಂಗದ?"

ಹನ್ನಮ್ಮ ಕಲ್ಲು ಬಿದ್ದ ಕಡೆ ನೋಡಿದಳು.

"ಬಾಣಂತಿಗಿ ಜ್ವರಾ ಬಿಡ್ತೇನು?"

"ಗೊತ್ತಿಲ್ಲ."

"ಮನಿ ದೂರದ?"

"ಬಂಗ್ಲೇದಿಂದ ಮೂರ ಗಲ್ಲಿ."

ಅಂಬಮ್ಮನ ಕೈ ಆಗ ನಿಂತಿತು. "ಇಷ್ಟ್ ದಿನಾ ನಿನ್ ಪಾಪದ ಮಾರಿ ನೋಡ್ಕೋತ ಕುಂತಿ. ಆ ಹುಡಿಗಿ ಮಾರಿ ಒಮ್ಮಿನೂ ನೋಡಿಲ್ಲ."

ಗದರಿದ ದನಿಯಲ್ಲ. ಮಳೆ ಬಂತೇ ಇಲ್ಲವೇ ಎಂದು ಹೇಳುವ ದನಿ. ಹನ್ನಮ್ಮ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಅಳು ಬರಲಿಲ್ಲ. ಅದರ ಬದಲು ಕಿವಿ ಬಿಸಿಯಾದವು. ಇಪ್ಪತ್ತು ದಿನದ ಹತ್ತಿರ ಬಂದಿತ್ತು. ಮೂರು ಗಲ್ಲಿ. ಹೋಗಬೇಕೆಂದು ಒಂದು ಸಲವೂ ಹೊಳೆದಿರಲಿಲ್ಲ.

"ಮತ್ತ ಪಾಪಕ್ಕ?"

"ಕ್ಷಮಾ ಕೇಳು. ಕೂಸಿಗಿ ಹಾಲ್ ಕುಡ್ಸು. ಎರಡೂ ಬ್ಯಾರೆ ಬ್ಯಾರೆ ಕೆಲ್ಸ ಅವ, ಒಂದ ಮಾಡಿದ್ರ ಇನ್ನೊಂದ ಮಾಡ್ದಂಗಲ್ಲ," ಎಂದು ಅಂಬಮ್ಮ ಎದ್ದಳು.

(ಈ ಜಾಗಕ್ಕೆ ನಾನು ತಾಯಿ ಮಗಳ ನಡುವೆ ಸತ್ಯ ದೊಡ್ಡದೋ ಪ್ರೀತಿ ದೊಡ್ಡದೋ ಎಂಬ ಐದು ಪುಟದ ಚರ್ಚೆ ಇಟ್ಟುಕೊಂಡಿದ್ದೆ. ಒಳ್ಳೆಯ ಚರ್ಚೆ, ನಡುವೆ ಎರಡು ಉಪಮೆಗಳಿದ್ದವು. ನಾನು ಹಾಳೆ ಹುಡುಕುವಷ್ಟರಲ್ಲಿ ಅಂಬಮ್ಮ ಗಂಟು ಕಟ್ಟಿಕೊಂಡು ಬಸ್ಸಿಗೆ ಹೋಗಿ ನಿಂತಿದ್ದಳು.)

7

ಬಾಗಿಲು ತೆರೆದವಳು ಜಾಹೇದಾ. ಹೆಗಲ ಮೇಲೆ ಕೂಸು, ಕೈಯಲ್ಲಿ ಸೌಟು, ತಲೆ ಬಾಚಿ ಎಷ್ಟು ದಿನವಾಗಿತ್ತೋ.

"ಬಂದಿ?" ಎಂದಳು.

"ಬಂದೆ," ಎಂದಳು ಹನ್ನಮ್ಮ.

ಅಂಬಮ್ಮ ಹೊಸ್ತಿಲಾಚೆಯೇ ನಿಂತಿದ್ದಳು. ಕಮಲಾಪುರದಲ್ಲಿ ಅವಳು ಹೆರಿಗೆಗೆ ಹಿತ್ತಿಲ ಬಾಗಿಲಿನಿಂದ ಹೋಗಿ, ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದವಳು. "ತಾಯಿ, ನಾವು ಈಸಾಯಿ ಮಂದಿ. ಕೇರಿಯವ್ರು. ಮೊದಲಾ ಹೇಳ್ತೀನಿ," ಎಂದಳು.

"ಕೂಸಿನ್ನ ಹಿಡ್ಯಾಕ ಬರ್ತದೇನ್ರಿ?" ಎಂದು ಕೇಳಿದಳು ಜಾಹೇದಾ.

"ಬರ್ತದ."

"ಮತ್ತ ಒಳಗ ಬರ್ರಿ. ಹಾಲ್ ಉಕ್ಕಾಕತ್ತದ."

ಅಂಬಮ್ಮ ಎರಡು ದಿನ ಇದ್ದಳು. ಬಾಣಂತಿಯ ಮೈ ಒರೆಸಿದಳು, ಬಟ್ಟೆಗಳನ್ನು ಕುದಿಸಿದಳು, ಆಡಿನ ಹಾಲಿಗೆ ನೀರು ಬೆರೆಸಿ ಕಾಸಿ ಬತ್ತಿಯಿಂದ ಹನಿ ಹನಿಯಾಗಿ ಕುಡಿಸುವುದನ್ನು ಇಬ್ಬರು ಹುಡುಗಿಯರಿಗೂ ಕಲಿಸಿದಳು. ದಿಲ್ಶಾದ್ ಬೇಗಂ ಜ್ವರದಲ್ಲೇ ಅವಳ ಕೈ ಹಿಡಿದುಕೊಂಡು ಉರ್ದುವಿನಲ್ಲಿ ಏನೇನೋ ಹೇಳಿದರು. ಅಂಬಮ್ಮನಿಗೆ ಉರ್ದು ಅಷ್ಟಕ್ಕಷ್ಟೆ. "ಹೌದ್ ತಾಯಿ, ಹೌದು," ಎಂದಳು ಎಲ್ಲಕ್ಕೂ.

(ಒಂದು ಡ್ರಾಫ್ಟಿನಲ್ಲಿ ಅಂಬಮ್ಮ ಬಾಣಂತಿಯ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾಳೆ, ಜ್ವರ ತಟ್ಟನೆ ಇಳಿಯುತ್ತದೆ. ಅಂಬಮ್ಮನೇ ಒಪ್ಪಲಿಲ್ಲ. "ಪ್ರಾರ್ಥನಾ ಮಾಡೀನಿ, ಖರೆ. ಡಾಕ್ಟರಮ್ಮನ್ನೂ ಕರ್ಸೀನಿ. ಜ್ವರಾ ಇಳ್ಯಾಕ ಇನ್ನೂ ಏಳ ದಿನಾ ಹಿಡೀತು, ನಾ ಊರಿಗಿ ಹೋದ ಮ್ಯಾಲ. ಹಂಗಾ ಬರೀರಿ." ಹಾಗೆಯೇ ಬರೆದಿದ್ದೇನೆ.)

ಅವಳು ಹೋದ ಮೇಲೆ ಹನ್ನಮ್ಮ ಹೇಳಿದಳು: "ಒಂದ ದಿನಾ ನೀ ಕಾಲೇಜಿಗಿ ಹೋಗು, ಒಂದ ದಿನಾ ನಾ ಹೋಗ್ತೀನಿ. ಮನ್ಯಾಗ ಇದ್ದವ್ರು ಕೂಸು ನೋಡೋಣ."

"ನೀ ಇಲ್ಲಿದ್ದ ದಿನಾ ನಿನ್ ಹಾಜರಿ?"

"ನಾ ಇಲ್ಲ ಅಂದ್ರ ಇಲ್ಲ. ನೀ ನನ್ ಬದ್ಲಿ ಅನ್ಬ್ಯಾಡ."

"ನೀ ನನ್ ಬದ್ಲಿ ಅಂತಿ."

"ಅಂತೀನಿ. ನೀ ಅನ್ಬ್ಯಾಡ."

ಜಾಹೇದಾ ಅವಳನ್ನು ಒಂದು ಗಳಿಗೆ ನೋಡಿ, ಸೌಟು ತಿರುವಲು ಹೋದಳು.

ಹೀಗೆ ಮೂರು ವಾರ. ಹನ್ನಮ್ಮ ಎಡಗೈಯಲ್ಲಿ ಕೂಸು ಹಿಡಿದು ಬಲಗೈಯಲ್ಲಿ ಪುಸ್ತಕ ಹಿಡಿಯುವುದನ್ನು ಕಲಿತಳು. ದಿಲ್ಶಾದ್ ಬೇಗಂ ಮಲಗಿದಲ್ಲಿಂದಲೇ ಅವಳ ಉರ್ದು ತಿದ್ದಿದರು. ಭೂತಕಾಲ ಕೊನೆಗೂ ಬಂತು.

8

ನಾಲ್ಕನೆಯ ವಾರದಲ್ಲಿ, ಹನ್ನಮ್ಮನ ಸರದಿಯ ಒಂದು ದಿನ, ಚಾಂದಪಾಶಾ ಸಾಹೇಬರು ಹಾಜರಿ ಮುಗಿಸಿದರು. ಮೂವತ್ತೊಂದು ಹಾಜರ್ ಎಂದಿತ್ತು, ಮೂವತ್ತೆರಡೂ ಹಾಜರ್ ಎಂದಿತ್ತು. ಅವರು ರಿಜಿಸ್ಟರು ಹಿಡಿದುಕೊಂಡೇ ಪರದೆಯ ಹತ್ತಿರ ಬಂದು ನಿಂತರು.

"ಮೂವತ್ತೆರಡು. ಪರದೆಯ ಹಿಂದೆ ಈಗ ಎಷ್ಟು ಜನ ಇದ್ದೀರಿ?"

ಕ್ಲಾಸಿನಲ್ಲಿ ಯಾರೂ ಕೆಮ್ಮಲಿಲ್ಲ.

(ನನಗೆ ಈಗ ಒಂದು ಒಳ್ಳೆಯ ಅವಕಾಶ ಕಂಡಿತು. ಹನ್ನಮ್ಮ ಎದ್ದು ಪರದೆ ಸರಿಸಿ ಹೊರಗೆ ಬರಬೇಕು. ನಲವತ್ತನಾಲ್ಕು ಹುಡುಗರು ಮೊದಲ ಬಾರಿಗೆ ಅವಳ ಮುಖ ನೋಡಬೇಕು. ನಾಟಕಕ್ಕೆ ಕೊಟ್ಟರೂ ನಡೆಯುತ್ತದೆ. "ಪರದಾ ನಿಮಗೇನ್ ಮಾಡ್ಯದ?" ಎಂದಳು ಹನ್ನಮ್ಮ. "ವರ್ಷಾ ಎಲ್ಲಾ ಇದರೊಳಗಾ ಉಂಡೀನಿ. ನಾ ಹೊರಗ ಬರಂಗಿಲ್ಲ.")

ಅವಳು ಕೂತೇ ಇದ್ದಳು. ಇಬ್ಬರು ಎನ್ನಬೇಕು. ಒಂದು ಶಬ್ದ. ಇಷ್ಟು ದಿನ ಹೇಳಿದ್ದರ ಮುಂದೆ ಇದೇನು ದೊಡ್ಡದು. ಜಾಹೇದಾ ಈಗ ಹಾಲು ಆರಿಸುತ್ತಿರುತ್ತಾಳೆ ಎಂದುಕೊಂಡಳು. ಶಬ್ದವನ್ನು ನಾಲಿಗೆಯ ಮೇಲೆ ತಂದುಕೊಂಡಳು.

"ಒಬ್ಬಳು, ಜನಾಬ್," ಎಂದಳು.

ಯಾಕೆಂದು ನನ್ನನ್ನು ಕೇಳಬೇಡಿ. ಧೈರ್ಯ ಎಂದು ಬರೆದು ಹೊಡೆದುಹಾಕಿದೆ. ಭಯ ಎಂದು ಬರೆದೆ, ಅದನ್ನೂ ಹೊಡೆದೆ. ಕೇಳದಿದ್ದರೆ ಸುಳ್ಳಿನೊಂದಿಗೆ ಇನ್ನೂ ಒಂದು ತಿಂಗಳು ಬಾಳುತ್ತಿದ್ದಳೇನೋ. ನೇರವಾಗಿ ಕೇಳಿದರು.

ಸಾಹೇಬರು ಹುಡುಗರನ್ನು ಹೊರಗೆ ಕಳಿಸಿದರು. ಆಮೇಲೆ ಉರ್ದು ಬಿಟ್ಟು ಕನ್ನಡಕ್ಕೆ ಬಂದರು. ಅವರೂ ಈ ಊರಿನವರೇ.

"ಎಷ್ಟ್ ದಿನಾ?"

"ಹತ್ತೊಂಬತ್ತು, ಜನಾಬ್."

"ಇಪ್ಪತ್ತಾರು."

"ಇಲ್ರಿ. ನಾ ಲೆಕ್ಕ ಇಟ್ಟೀನಿ. ಹತ್ತೊಂಬತ್ತು."

"ನಿನ್ವು ಹತ್ತೊಂಬತ್ತು. ಉಳಿದ ಏಳು ಆಕಿವು. ನೀ ಬರದ ದಿನಾ ಮೂವತ್ತೆರಡೂ ಹಾಜರ್ ಅಂದದ. ಭಾಳ ದೊಡ್ಡ ದನಿಲೆ. ಒಮ್ಮಿ ಕಿಡಕಿ ಗಾಜು ಅಲ್ಗಾಡ್ತು."

ಹನ್ನಮ್ಮನಿಗೆ ನಗು ಬಂತು. ಬರಬಾರದ ಹೊತ್ತು, ಆದರೂ ಬಂತು. ಅದರ ಬೆನ್ನಿಗೇ ಅಳುವೂ ಬಂತು. ಸಾಹೇಬರು ಪರದೆಯ ಆಚೆ ಕಾದರು.

"ನಿಮಗ ಗೊತ್ತಿತ್ತೇನ್ರಿ?"

"ಮೂವತ್ತೊಂದು ತಪ್ಪು ಹೇಳಿ ಮೂವತ್ತೆರಡು ತಿದ್ದಿದ ದಿನಾನಾ ಗೊತ್ತಾತು. ತನ್ನ ಉತ್ತರ ತಾನಾ ತಪ್ಪಂತ ಹೇಳೋ ಮನುಷ್ಯಾ ಸಿಗೂದು ಕಡಿಮಿ. ನೋಡೋಣಂತ ಬಿಟ್ಟಿದ್ನಿ." ಅವರು ರಿಜಿಸ್ಟರಿನ ಪುಟ ತಿರುವಿದರು. "ಈಗ ಸರ್ಕಾರದವ್ರು ತಪಾಸಣಾಕ್ಕ ಬರ್ತಾರ. ಅವ್ರ ಜೋಡಿ ಬರೋ ಬಾಯಿಸಾಹೇಬ್ರು ಪರದಾದೊಳಗ ಹೋಗಿ ಎಣಿಸ್ತಾರ. ಅದರೊಳಗ ನಾ ರಿಜಿಸ್ಟರ್ ಖರೇ ಮಾಡ್ಬೇಕು."

ಕೆಂಪು ಶಾಯಿಯಲ್ಲಿ ಖರೇ ಮಾಡಿದರು. ಎರಡೂ ನಂಬರುಗಳ ಹಾಜರಿ ಮುಕ್ಕಾಲಿಗಿಂತ ಕೆಳಗಿಳಿಯಿತು. ಪರೀಕ್ಷೆಗೆ ಕೂಡಬೇಕಾದರೆ ಮಾಫಿ ಅರ್ಜಿ ಕೊಡಬೇಕು, ಅದಕ್ಕೆ ಮನೆಯ ಹಿರಿಯರ ಸಹಿ ಬೇಕು. ಎರಡು ಫಾರಮ್ಮುಗಳನ್ನು ಪರದೆಯ ಕೆಳಗಿಂದ ಒಳಗೆ ತಳ್ಳಿದರು. ಮಿಸ್ಸಮ್ಮ ಸುದ್ದಿ ಕೇಳಿ ಹನ್ನಮ್ಮನನ್ನು ಆರಾಧನೆಯಲ್ಲಿ ಹಾಡುವ ಮೇಳದಿಂದ ಎರಡು ತಿಂಗಳು ತೆಗೆದರು. ದೌಲಪ್ಪ ತೋಟದಲ್ಲಿ ನಿಂತೇ ಹೆಬ್ಬೆಟ್ಟು ಒತ್ತಿದ. ಮೂವತ್ತೊಂದನೆಯ ನಂಬರಿನ ಫಾರಮ್ಮು ಉಳಿಯಿತು.

9

ಈಗ ಮುಕ್ತಾಯ. ನನ್ನ ಹತ್ತಿರ ಮೂರಿವೆ.

ಅ) ಪ್ರಿನ್ಸಿಪಾಲರು ಹನ್ನಮ್ಮನ ಸತ್ಯಕ್ಕೆ ಮೆಚ್ಚಿ ಇಬ್ಬರನ್ನೂ ಮನ್ನಿಸುತ್ತಾರೆ. ಇದು ನನಗೆ ಹತ್ತು ನಿಮಿಷ ಬಹಳ ಇಷ್ಟವಾಗಿತ್ತು.

ಆ) ಚಿಕ್ಕಪ್ಪ ಫಾರಮ್ಮು ಹರಿಯುತ್ತಾರೆ. ಜಾಹೇದಾ ಮನೆಯಲ್ಲುಳಿಯುತ್ತಾಳೆ. ಪರದೆ ಬೇಡದ ಹುಡುಗಿ ಒಬ್ಬಳೇ ಪರದೆಯ ಹಿಂದೆ ವರ್ಷ ಕಳೆಯುತ್ತಾಳೆ. ಇದನ್ನು ಓದಿದ ಗೆಳೆಯರು ತುಂಬ ಚೆನ್ನಾಗಿದೆ ಎಂದರು. ಅವರ ಮುಖದಲ್ಲಿ ಅಷ್ಟು ತೃಪ್ತಿ ಕಂಡು ನನಗೆ ಅನುಮಾನ ಬಂತು.

ಇ) ಜಾಹೇದಾ ಹನ್ನಮ್ಮನನ್ನು ಅಪ್ಪಿಕೊಂಡು, ನೀ ಮಾಡಿದ್ದೇ ಸರಿ ಎನ್ನುತ್ತಾಳೆ. ಇದನ್ನು ಜಾಹೇದಾಳಿಗೆ ಓದಿ ತೋರಿಸಿದೆ. ಅವಳು ಹಾಳೆಯನ್ನು ವಾಪಸು ಕೊಟ್ಟಳು.

ನನಗೆ ಗೊತ್ತಿರುವುದು ಇಷ್ಟು. ಶುಕ್ರವಾರ ಮಧ್ಯಾಹ್ನ ಹನ್ನಮ್ಮ ಫಾರಮ್ಮು ತೆಗೆದುಕೊಂಡು ಮೂರು ಗಲ್ಲಿ ನಡೆದು ಹೋದಳು. ಸುದ್ದಿ ಆಗಲೇ ಮುಟ್ಟಿದ್ದ ಜಾಹೇದಾ ಬಾಗಿಲು ತೆರೆದಳು. ಒಳಗೆ ಬಾ ಎನ್ನಲಿಲ್ಲ. ಬಾಗಿಲಿಂದ ಸರಿದು ನಿಂತಳು.

"ಇಬ್ರು ಅನ್ಬೇಕಾಗಿತ್ತು."

"ಹೌದು."

"ಯಾಕ ಅನ್ಲಿಲ್ಲ?"

"ಬರ್ಲಿಲ್ಲ."

"ಹಾಜರ್ ಅಂತ ಹತ್ತೊಂಬತ್ತ ಸಲಾ ಬಂತು. ಇಬ್ರು ಅಂತ ಒಂದ ಸಲಾ ಬರ್ಲಿಲ್ಲ."

"ಇಲ್ಲ," ಎಂದಳು ಹನ್ನಮ್ಮ. "ನೀ ಯಾಕ ನನ್ ಬದ್ಲಿ ಅಂದಿ? ಬ್ಯಾಡ ಅಂದಿದ್ನಿ."

"ನಿನ್ ದೀನ್, ನಿನ್ ಧರ್ಮ ನಿನಗ. ನನ್ ಬಾಯಿ ನಂದು," ಎಂದಳು ಜಾಹೇದಾ. ಅಷ್ಟಕ್ಕೇ ನಿಲ್ಲಿಸಿ ಅಡಿಗೆಮನೆಗೆ ಹೋದಳು.

ಹನ್ನಮ್ಮ ತಪ್ಪಾಯಿತು ಎನ್ನಲು ಬಂದಿದ್ದಳು. ಯಾವುದಕ್ಕೆ ತಪ್ಪಾಯಿತು ಎಂಬುದು ಬಾಗಿಲವರೆಗೆ ಸ್ಪಷ್ಟವಾಗಿತ್ತು. ಸುಳ್ಳಿಗೆ. ಇಲ್ಲಿ ನಿಂತರೆ ನಿಜ ಹೇಳಿದ್ದಕ್ಕೂ ತಪ್ಪಾಯಿತು ಎನ್ನಬೇಕಾಗಿತ್ತು. ಎರಡನ್ನೂ ಒಂದೇ ಬಾಯಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಫಾರಮ್ಮು ಹಿಡಿದುಕೊಂಡು ನಿಂತಳು.

ಅದನ್ನು ತೆಗೆದುಕೊಂಡವರು ದಿಲ್ಶಾದ್ ಬೇಗಂ. ಈಗ ಅವರು ದಿಂಬಿಗೆ ಒರಗಿ ಕೂಡುವಷ್ಟಾಗಿದ್ದರು. ಕನ್ನಡಕ ಹಾಕಿಕೊಂಡು ಫಾರಮ್ಮನ್ನು ಎರಡು ಸಲ ಓದಿದರು. ಗಂಡ ತೀರಿಕೊಂಡ ಮೇಲೆ ಮೈದುನನೊಂದಿಗೆ ಅವರು ಬಾಗಿಲ ಮರೆಯಿಂದಲೂ ಮಾತಾಡಿದವರಲ್ಲ.

"ನಾ ಮಾತಾಡ್ತೀನಿ," ಎಂದರು.

"ಅಮ್ಮಿ, ನಿಮ್ಗ ದಮ್ಮಾ ಹತ್ತತದ," ಎಂದಳು ಅಡಿಗೆಮನೆಯಿಂದ ಜಾಹೇದಾ.

"ಹತ್ಲಿ. ಸಾವಕಾಶ ಮಾತಾಡ್ತೀನಿ."

ಕೂಸು ಎದ್ದು ಅತ್ತಿತು. ಜಾಹೇದಾ ಅದನ್ನು ಎತ್ತಿಕೊಂಡಳು. ಒಳಗೆ ಅನ್ನ ಸೀದ ವಾಸನೆ ಬಂತು. ಅವಳು ಹನ್ನಮ್ಮನ ಮುಖ ನೋಡದೆಯೇ ಬಂದು, ಕೂಸನ್ನು ಅವಳ ಕೈಗೆ ಹಾಕಿ, ಒಳಗೆ ಓಡಿದಳು. ಹನ್ನಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು, ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಪ್ರಾರ್ಥಿಸಬೇಕೆನಿಸಿತು, ಆದರೆ ಕೈ ಖಾಲಿ ಇರಲಿಲ್ಲ. ನಡೆದಳು. ಕೂಸು ಒಮ್ಮೆ ಬಿಕ್ಕಿ, ಅವಳ ಕತ್ತಿಗೆ ಮೂಗು ಒತ್ತಿ, ಮಲಗಿತು.

ಆಗ ಹೊರಗೆ ಕಟ್ಟೆಯ ಹತ್ತಿರ ಚಪ್ಪಲಿ ಬಿಟ್ಟ ಸದ್ದಾಯಿತು. "ಎಲ್ಲಾ ಖೈರಿಯತ್?" ಎಂದಿತು ಚಿಕ್ಕಪ್ಪನ ದನಿ.

ಜಾಹೇದಾ ಸೌಟು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಹನ್ನಮ್ಮ ಇದ್ದಲ್ಲೇ ನಿಂತಳು. ದಿಲ್ಶಾದ್ ಬೇಗಂ ಸೆರಗು ಎಳೆದುಕೊಂಡು ಗಂಟಲು ಸರಿಮಾಡಿಕೊಂಡರು.

ಅವರು ಏನಂದರೆಂದು ನೀವು ಕೇಳುತ್ತೀರಿ. ಆಕೆಗೆ ದಮ್ಮು ಹತ್ತುತ್ತದೆ, ಮಾತು ಮುಗಿಯಲು ಹೊತ್ತಾಗುತ್ತದೆ, ಹೊರಗೆ ಕೂತವರಿಗೆ ಕೇಳಿಸಿಕೊಂಡು ಅಭ್ಯಾಸವಿಲ್ಲ. ನಾನು ಕಾಯುವುದಿಲ್ಲ. ಸಹಿ ಬಿದ್ದರೂ ಬೀಳದಿದ್ದರೂ ಅದನ್ನು ಬರೆಯುವ ಕೈ ನನ್ನದಲ್ಲ. ಕೂಸಿಗೆ ಈಗಷ್ಟೇ ನಿದ್ದೆ ಹತ್ತಿದೆ. ನಾನು ಏಳುತ್ತಿದ್ದೇನೆ. ನೀವೂ ಬಾಗಿಲು ಸದ್ದು ಮಾಡದ ಹಾಗೆ ಮುಂದೆ ಮಾಡಿಕೊಂಡು ಬನ್ನಿ.